ಆರಿದ ಬೆಂಕಿಬೆಟ್ಟಗಳ ಹಾದಿಗಳು

ಅಗ್ನಿಪರ್ವತವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವ ಚಿತ್ರ ಒಂದೇ: ಆಕಾಶಕ್ಕೆ ಚಿಮ್ಮುವ ಉರಿ, ಕೆಳಗೆ ಹರಿಯುವ ಕೆಂಡದಂತಹ ಶಿಲಾರಸ, ಪ್ರಾಣಭಯದಿಂದ ಓಡುವ ಜನ. ಅಂತಹ ಬೆಟ್ಟಕ್ಕೆ ವಿನೋದಕ್ಕಾಗಿ ನಡೆದುಹೋಗುವುದು, ಬೈಸಿಕಲ್ ತುಳಿದು ಹತ್ತುವುದು, ಪಂದ್ಯ ಕಟ್ಟಿ ಓಡುವುದು, ಇವೆಲ್ಲ ಬುದ್ಧಿಗೆಟ್ಟವರ ಕೆಲಸವೆಂದು ತೋರಬಹುದು. ಆದರೆ ಫ್ರಾನ್ಸ್ ದೇಶದ ನಡುಭಾಗದಲ್ಲಿ, ಓವೆರ್ನ್ ಎಂಬ ಸೀಮೆಯಲ್ಲಿ, ಸುಮಾರು ಎಂಬತ್ತು ಅಗ್ನಿಪರ್ವತಗಳು ಸಾಲುಗಟ್ಟಿ ನಿಂತಿವೆ. ಅವುಗಳ ಮೈಮೇಲೆ ಹುಲ್ಲು ಬೆಳೆದಿದೆ, ಕುರಿಗಳು ಮೇಯುತ್ತವೆ. ರಜಾದಿನಗಳಲ್ಲಿ ಪಕ್ಕದ ಕ್ಲೇರ್ಮೋಂ ಫೆರಾಂ ನಗರದ ಜನ ಬುತ್ತಿ ಕಟ್ಟಿಕೊಂಡು ಮಕ್ಕಳುಮರಿಗಳೊಡನೆ ಅವುಗಳ ಬಾಯಿಯ ಅಂಚಿಗೆ ಹೋಗಿ ಕುಳಿತು ಉಂಡು ಬರುತ್ತಾರೆ. ಈ ದಿನ ನಾವು ಆ ಬೆಟ್ಟಗಳ ಹಾದಿಗಳ ವಿಚಾರವಾಗಿ ಕೆಲವು ಮಾತುಗಳನ್ನು ಹೇಳಬಯಸುತ್ತೇವೆ.

ಕ್ಲೇರ್ಮೋಂ ನಗರದಿಂದ ಪಶ್ಚಿಮಕ್ಕೆ ಮುಖಮಾಡಿ ನಿಂತರೆ ಎದುರಿಗೆ ಗೋಡೆಯಂತೆ ಎದ್ದ ಒಂದು ಭಾರಿ ದಿಣ್ಣೆ. ಅದು ಭೂಮಿ ಬಿರಿದು ಒಂದು ಮಗ್ಗುಲು ಕುಸಿದುದರಿಂದ ಆದದ್ದು. ಅದನ್ನು ಏರಿದ ಮೇಲೆ ವಿಶಾಲವಾದ ಪ್ರಸ್ಥಭೂಮಿ. ಅದರ ಬೆನ್ನ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಸುಮಾರು ೩೨ ಕಿಲೋಮೀಟರು ಉದ್ದಕ್ಕೆ ಬೆಟ್ಟಗಳ ಸಾಲು. ಆ ಸೀಮೆಯವರು ಇಂತಹ ಒಂದೊಂದು ಬೆಟ್ಟವನ್ನೂ ‘ಪ್ವೀ’ ಎನ್ನುತ್ತಾರೆ. ಇವುಗಳಲ್ಲಿ ಮೊದಲನೆಯದು ಉರಿದು ಇಂದಿಗೆ ಸುಮಾರು ೯೫,೦೦೦ ವರ್ಷವಾಯಿತು. ಕಡೆಯದು ಉರಿದು ಸುಮಾರು ೮,೪೦೦ ವರ್ಷ. ಮನುಷ್ಯನ ಲೆಕ್ಕಕ್ಕೆ ಇದು ಬಹು ಹಿಂದಿನದು. ಭೂಗರ್ಭಶಾಸ್ತ್ರದ ಲೆಕ್ಕಕ್ಕೆ ನಿನ್ನೆ ಮೊನ್ನೆಯದು. ಮಳೆ ಗಾಳಿಗಳಿಗೆ ಇವನ್ನು ಸವೆಸಿ ರೂಪಗೆಡಿಸಲು ಇನ್ನೂ ಬಿಡುವಾಗಿಲ್ಲ. ಆದುದರಿಂದಲೇ ಪಾಠದ ಪುಸ್ತಕದಲ್ಲಿ ಬರೆದಿಟ್ಟಂತೆ ಒಂದೊಂದು ಬೆಟ್ಟದ ಆಕಾರವೂ ಸ್ಫುಟವಾಗಿದೆ. ೨೦೧೮ರಲ್ಲಿ ಈ ಸಾಲನ್ನೂ ಅದರ ಪಕ್ಕದ ಭೂಬಿರುಕನ್ನೂ ಯುನೆಸ್ಕೋ ಸಂಸ್ಥೆಯವರು ವಿಶ್ವದ ಸ್ವತ್ತೆಂದು ತಮ್ಮ ಪಟ್ಟಿಗೆ ಸೇರಿಸಿದರು.

ವಿಚಿತ್ರವೇನೆಂದರೆ, ಇವು ಅಗ್ನಿಪರ್ವತಗಳೆಂಬ ಸಂಗತಿ ಹದಿನೆಂಟನೆಯ ಶತಮಾನದ ನಡುವಿನವರೆಗೆ ವಿದ್ವಾಂಸರಿಗೆ ತಿಳಿದಿರಲಿಲ್ಲ. ಆ ಕಲ್ಲಿನಿಂದಲೇ ಜನ ಮನೆ ಕಟ್ಟಿಕೊಂಡಿದ್ದರು. ೧೨೪೮ರಲ್ಲಿ ಆರಂಭವಾದ ಕ್ಲೇರ್ಮೋಂ ನಗರದ ದೊಡ್ಡ ಇಗರ್ಜಿ ಅಡಿಯಿಂದ ಮುಡಿಯವರೆಗೆ ಆ ಕರಿಯ ಲಾವಾಶಿಲೆಯದೇ. ೧೭೫೧ರಲ್ಲಿ ಗೆತ್ತಾರ್ ಎಂಬ ವಿಜ್ಞಾನಿ ಆ ಕಡೆ ಪ್ರಯಾಣ ಮಾಡುತ್ತಿದ್ದಾಗ, ದಾರಿಯಲ್ಲಿ ನೆಟ್ಟಿದ್ದ ಕರಿಯ ಕಲ್ಲುಗಳನ್ನು ನೋಡಿ ಇದು ಎಲ್ಲಿಯದೆಂದು ಕೇಳಿದನಂತೆ. ವೋಲ್ವಿಕ್ ಎಂಬ ಊರಿನದೆಂದು ತಿಳಿದು, ಆ ಊರಿಗೆ ಹೋಗಿ, ಕಲ್ಲಿನ ಗಣಿಯನ್ನು ನೋಡಿ, ಅಲ್ಲಿಂದ ಬೆಟ್ಟಗಳನ್ನು ಹತ್ತಿ, ಇವು ಆರಿದ ಅಗ್ನಿಪರ್ವತಗಳೆಂದು ನಿಶ್ಚಯಿಸಿದನು. ಬೆಂಕಿಯನ್ನು ಕಂಡವರು ಬರೆದಿಟ್ಟ ಚರಿತ್ರೆಯೊಂದೂ ಇರಲಿಲ್ಲ. ಕಾಲಡಿಯ ಕಲ್ಲನ್ನು ಓದುತ್ತ ನಡೆದವನೊಬ್ಬನು ಅದನ್ನು ಹೊರಗೆಡಹಿದನು.

ಈಗ ಈ ಹಾದಿಗಳ ಗುಟ್ಟನ್ನು ತಿಳಿಯಬೇಕಾದರೆ ಒಂದು ಕ್ಷಣ ಅಡಿಗೆಯ ಮನೆಗೆ ಹೋಗಿ ಬರಬೇಕು. ಬೆಲ್ಲದ ಪಾಕ ಎಳೆಯದಾಗಿರುವಾಗ ತಟ್ಟೆಗೆ ಹೊಯ್ದರೆ ಅಂಚಿನವರೆಗೂ ಹರಿಯುವುದು. ಪಾಕ ಏರಿದ ಮೇಲೆ ಹೊಯ್ದರೆ ಬಿದ್ದಲ್ಲಿಯೇ ಗುಪ್ಪೆಯಾಗಿ ನಿಲ್ಲುವುದು. ಭೂಮಿಯೊಳಗಿನ ಶಿಲಾರಸವೂ ಹೀಗೆಯೇ. ಅದರಲ್ಲಿ ಸಿಲಿಕದ ಅಂಶ ಕಡಿಮೆಯಾಗಿದ್ದರೆ ತೆಳುವಾಗಿ ಹರಿಯುತ್ತದೆ. ಹೆಚ್ಚಾಗಿದ್ದರೆ ಮಂದವಾಗಿ ಮೇಲೇಳುತ್ತದೆ. ತೆಳು ರಸ ಹರಿದು ಹರಡಿದ ನಾಡನ್ನು ನೋಡಬೇಕಾದರೆ ನಾವು ಫ್ರಾನ್ಸಿಗೆ ಹೋಗಬೇಕಾಗಿಲ್ಲ. ಬೆಳಗಾವಿ, ವಿಜಯಪುರ ಪ್ರಾಂತಗಳ ಕರಿಗಲ್ಲು, ಅದು ಪುಡಿಯಾಗಿ ಆದ ಎರೆಯ ಭೂಮಿ, ಇವೆಲ್ಲ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾದ ಉಳಿಕೆಯೇ. ಆದರೆ ಅಲ್ಲಿ ರಸ ಪದರಪದರವಾಗಿ ಹಾಸಿಕೊಂಡಿತೇ ಹೊರತು ಇಂತಹ ಮೊನಚು ಬೆಟ್ಟಗಳು ನಿಂತಿಲ್ಲ. ಓವೆರ್ನಿನಲ್ಲಿಯಾದರೋ ರಸದೊಡನೆ ಅನಿಲ ಬೆರೆತು, ನೊರೆಯಾಗಿ ಚಿಮ್ಮಿ, ಗಾಳಿಯಲ್ಲಿಯೇ ಆರಿ, ತುಂಡುತುಂಡಾಗಿ ಬಾಯಿಯ ಸುತ್ತ ಬಿದ್ದಿತು. ಕಮ್ಮಾರನ ಕುಲುಮೆಯ ಬಳಿ ಬಿದ್ದಿರುವ ಕಬ್ಬಿಣದ ಕಿಟ್ಟವನ್ನು ನೋಡಿದವರಿಗೆ ಆ ಕಲ್ಲಿನ ಗುರುತು ಹೇಳಬೇಕಾಗಿಲ್ಲ: ತೂತುತೂತು, ಹಗುರ, ಕಪ್ಪು ಇಲ್ಲವೆ ಇಟ್ಟಿಗೆಯ ಕೆಂಪು. ನಾವು ಅದನ್ನು ಕಿಟ್ಟಗಲ್ಲೆಂದೇ ಕರೆಯೋಣ. ಕಣದಲ್ಲಿ ಸುರಿದ ರಾಗಿಯ ರಾಶಿ ಹೇಗೆ ತನ್ನಷ್ಟಕ್ಕೆ ಒಂದು ಇಳಿಜಾರಿಗೆ ಬಂದು ನಿಲ್ಲುವುದೋ, ಅದಕ್ಕಿಂತ ಕಡಿದಾಗಲು ಒಪ್ಪದೆ ಜಾರುವುದೋ, ಹಾಗೆ ಈ ಕಿಟ್ಟದ ರಾಶಿಗಳೂ ನಿಂತಿವೆ. ಇವು ಒಂದು ಜಾತಿಯ ಬೆಟ್ಟ. ಗಟ್ಟಿಪಾಕದಂತೆ ಮೇಲೆದ್ದು ಗುಪ್ಪೆಯಾಗಿ ನಿಂತವು ಇನ್ನೊಂದು ಜಾತಿ. ಅವುಗಳಿಗೆ ಬಾಯಿಯೇ ಇಲ್ಲ. ಸಾರ್ಕುಯಿ ಎಂಬ ಬೆಟ್ಟವಂತೂ ಕೊಪ್ಪರಿಗೆಯನ್ನು ಬೋರಲು ಹಾಕಿದಂತೆ ಕಾಣುತ್ತದೆ.

ನಡೆಯುವವನಿಗೂ, ಚಕ್ರದ ಮೇಲೆ ಹೋಗುವವನಿಗೂ, ಓಡುವವನಿಗೂ ಹಾದಿಯನ್ನು ಗೊತ್ತುಮಾಡುವುದು ಈ ಜಾತಿಭೇದವೇ.

ಮೊದಲು ಕಿಟ್ಟದ ಬೆಟ್ಟವೊಂದನ್ನು ಹತ್ತೋಣ. ಪಾರಿಯೂ ಎಂಬುದು ಅವುಗಳಲ್ಲೆಲ್ಲ ಹೆಸರಾದದ್ದು. ೧೨೦೯ ಮೀಟರು ಎತ್ತರ. ಅಡಿಯಿಂದ ಒಂದು ಗಂಟೆಯ ನಡಿಗೆ. ಮೊದಲು ಕಾಡಿನ ನೆರಳು. ಕಾಲ ಕೆಳಗೆ ಕಿಟ್ಟದ ಪುಡಿ ಸದ್ದುಮಾಡುತ್ತದೆ. ಕಾಡು ಮುಗಿದೊಡನೆ ಬೋಳು ಇಳಿಜಾರು, ಅದರ ಮೇಲೆ ಮರದ ಮೆಟ್ಟಿಲುಗಳು. ಏರಿ ಅಂಚನ್ನು ಮುಟ್ಟಿದಾಗ ಎದುರಿಗೆ ಬೆಟ್ಟದ ತುದಿಯಿಲ್ಲ. ಬಟ್ಟಲಿನಂತೆ ದುಂಡಗೆ ತಗ್ಗಿದ ಹಸುರು ಕುಂಡ. ಆಳ ತೊಂಬತ್ತು ಮೀಟರಿಗೂ ಮಿಗಿಲು. ಅಂಚಿನ ಸುತ್ತ ಒಂದು ಪ್ರದಕ್ಷಿಣೆ ಬರಬಹುದು. ಬೆಂಕಿಯ ಬಾಯಿ ಎಂದುಕೊಂಡು ಹೋದವನಿಗೆ ಅಲ್ಲಿ ಕಾಣುವುದು ಹುಲ್ಲು, ಗಾಳಿ, ತಗ್ಗಿನಲ್ಲಿ ನಿಧಾನವಾಗಿ ಸರಿಯುವ ಮೋಡದ ನೆರಳು. ಇಷ್ಟು ಶಾಂತವಾದ ಸ್ಥಳವನ್ನು ಅಷ್ಟು ಉಗ್ರವಾದ ಕ್ರಿಯೆ ನಿರ್ಮಿಸಿತೆಂಬುದನ್ನು ಬುದ್ಧಿ ಒಪ್ಪಿದರೂ ಕಣ್ಣು ಒಪ್ಪುವುದಿಲ್ಲ.

ಆದರೆ ಆ ಮರದ ಮೆಟ್ಟಿಲುಗಳು ಅಲ್ಲಿ ಏಕಿವೆ? ಮುದುಕರ ಅನುಕೂಲಕ್ಕೆಂದು ಹಾಕಿದವಲ್ಲ. ಬೆಟ್ಟವನ್ನು ಉಳಿಸುವುದಕ್ಕಾಗಿ ಹಾಕಿದವು. ಚಾಮುಂಡಿ ಬೆಟ್ಟದ ಗಟ್ಟಿ ಕಲ್ಲಿನ ಮೆಟ್ಟಿಲುಗಳನ್ನು ಎಷ್ಟು ತಲೆಮಾರಿನವರು ಹತ್ತಿದರೂ ಬೆಟ್ಟಕ್ಕೆ ಕೊರತೆಯಿಲ್ಲ. ಕಿಟ್ಟದ ಬೆಟ್ಟದ ಸ್ಥಿತಿ ಹಾಗಲ್ಲ. ಅದು ಬಿಡಿ ಕಲ್ಲಿನ ರಾಶಿ. ಅದನ್ನು ಹಿಡಿದು ನಿಲ್ಲಿಸಿರುವುದು ಮೇಲಿನ ತೆಳುವಾದ ಮಣ್ಣು ಮತ್ತು ಹುಲ್ಲಿನ ಬೇರು. ಒಬ್ಬನು ಹತ್ತಿದರೆ ಹುಲ್ಲು ಬಾಗಿ ಮತ್ತೆ ಏಳುತ್ತದೆ. ಸಾವಿರ ಜನ ಹತ್ತಿದರೆ ಹುಲ್ಲು ಸತ್ತು ಬೇರು ಕಳಚುತ್ತದೆ. ತುಳಿದ ಜಾಗ ಬಿಗಿದು ಮಳೆಯ ನೀರನ್ನು ಒಳಕ್ಕೆ ಬಿಡುವುದಿಲ್ಲ; ನೀರು ಕಾಲುಹಾದಿಯನ್ನೇ ಕಾಲುವೆ ಮಾಡಿಕೊಂಡು ಹರಿಯುತ್ತದೆ. ಹಾದಿ ಕೊರಕಲಾಯಿತೆಂದು ಮುಂದೆ ಬಂದವನು ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾನೆ. ಹೀಗೆ ಒಂದು ಹಾದಿ ಎರಡಾಗಿ, ಎರಡು ನಾಲ್ಕಾಗಿ, ಹಸುರು ಮೈಯ ಮೇಲೆ ಕೆಂಪು ಗಾಯಗಳು ದೂರದಿಂದಲೇ ಕಾಣುತ್ತವೆ. ಎತ್ತರದಲ್ಲಿ ಚಳಿಗಾಲ ದೀರ್ಘ. ಹುಲ್ಲು ಮತ್ತೆ ಹಿಡಿಯುವುದು ಬಹಳ ನಿಧಾನ. ಜಾರಿ ಕೆಳಗಿಳಿದ ಕಿಟ್ಟವಾದರೋ ಮತ್ತೆ ಮೇಲಕ್ಕೆ ಹೋಗುವಂತೆಯೇ ಇಲ್ಲ. ಅದನ್ನು ಮೇಲಕ್ಕೆ ಎಸೆದ ಬೆಂಕಿ ಆರಿಹೋಗಿದೆ. ಬೆಟ್ಟವನ್ನು ಮೆಚ್ಚಿ ಬಂದವರ ಕಾಲೇ ಬೆಟ್ಟವನ್ನು ಇಳಿಸುತ್ತಿರುವಾಗ, ‘ಮೆಟ್ಟಿಲು ಬಿಟ್ಟು ನಡೆಯಬಾರದು’ ಎಂಬ ಹಲಗೆಯನ್ನು ಕಂಡು ಸಿಡುಕುವುದು ಸರಿಯೆಂದು ನಮಗೆ ತೋರುವುದಿಲ್ಲ. ಮೆಟ್ಟಿಲುಗಳಿಂದ ಬೆಟ್ಟದ ಚೆಲುವಿಗೆ ಕುಂದು ಬಂದಿತೆನ್ನುವವರೂ ಉಂಟು. ಅದೂ ಸುಳ್ಳಲ್ಲ.

ಇಲ್ಲಿ ಕುರಿಗಳ ವಿಷಯವನ್ನೂ ಹೇಳಬೇಕು. ಹಿಂದೆ ಈ ಬೆಟ್ಟಗಳೆಲ್ಲ ಹಳ್ಳಿಗಳ ಗೋಮಾಳದಂತಿದ್ದು, ಕುರಿಮಂದೆಗಳು ಮೇಯುತ್ತಿದ್ದುದರಿಂದ ಪೊದೆ ಬೆಳೆಯದೆ ಬೋಳಾಗಿದ್ದವು. ಇಪ್ಪತ್ತನೆಯ ಶತಮಾನದಲ್ಲಿ ಮಂದೆಗಳು ಕಡಿಮೆಯಾದವು; ಪೊದೆ ಏರಿತು; ಬೆಟ್ಟದ ಆಕಾರ ಕಾಡಿನಲ್ಲಿ ಮರೆಯಾಗತೊಡಗಿತು. ಈಗ ಕೆಲವು ಬೆಟ್ಟಗಳಿಗೆ ಬೇಸಗೆಯಲ್ಲಿ ಮಂದೆಗಳನ್ನು ಮತ್ತೆ ತಂದು ಮೇಯಿಸುತ್ತಾರೆ. ಕುರಿಯೂ ನಡೆಯುವುದು ಕಾಲಿನಿಂದಲೇ. ಆದರೆ ಅದು ಚದುರಿ ನಡೆಯುತ್ತದೆ, ನಾವು ಸಾಲಾಗಿ ನಡೆಯುತ್ತೇವೆ. ಹಾನಿಯ ವ್ಯತ್ಯಾಸವೆಲ್ಲ ಅಷ್ಟರಲ್ಲಿದೆ.

ಈ ಪ್ರದೇಶದಲ್ಲಿ ನಡೆಯುವವನು ಮರೆಯಬಾರದ ಇನ್ನೊಂದು ಸಂಗತಿ ನೀರು. ಫ್ರಾನ್ಸಿನ ಹಸುರು ಬೆಟ್ಟವೆಂದ ಮೇಲೆ ಹೆಜ್ಜೆಹೆಜ್ಜೆಗೆ ತೊರೆ ಇರಬೇಕೆಂದು ಭಾವಿಸಿ ಬರಿಗೈಯಲ್ಲಿ ಹೊರಟವನು ಬಾಯಾರಿ ಹಿಂದಿರುಗುತ್ತಾನೆ. ಬಿದ್ದ ಮಳೆಯನ್ನೆಲ್ಲ ತೂತುಗಲ್ಲು ಜರಡಿಯಂತೆ ಒಳಕ್ಕೆ ಎಳೆದುಕೊಳ್ಳುತ್ತದೆ. ಆ ನೀರು ಹಳೆಯ ಕಣಿವೆಗಳನ್ನು ಮುಚ್ಚಿ ಹರಿದ ಲಾವಾದ ಅಡಿಯಲ್ಲಿ ಕತ್ತಲೆಯಲ್ಲಿ ಇಳಿದು, ಲಾವಾ ಎಲ್ಲಿ ಮುಗಿಯುವುದೋ ಅಲ್ಲಿ ಬುಗ್ಗೆಯಾಗಿ ಹೊರಬರುತ್ತದೆ. ಹಳ್ಳಿಗಳು ನೆಲೆಸಿರುವುದೂ ಹೆಚ್ಚಾಗಿ ಅಂತಹ ಬುಗ್ಗೆಗಳ ಬಳಿಯಲ್ಲಿಯೇ. ಸೀಸೆಗಳಲ್ಲಿ ತುಂಬಿ ದೇಶದೇಶಗಳಿಗೆ ಕಳುಹಿಸುವ ವೋಲ್ವಿಕ್ಕಿನ ನೀರು ಹೀಗೆ ಸೋಸಿ ಬಂದದ್ದು. ಮೇಲೆ ನಡೆಯುವವನು ತನ್ನ ಕಾಲಡಿಯಲ್ಲಿಯೇ ಹರಿಯುತ್ತಿರುವ ನೀರಿಗಾಗಿ ಬೆನ್ನ ಮೇಲೆ ನೀರು ಹೊತ್ತು ನಡೆಯಬೇಕಾಗಿದೆ!

ಇನ್ನು ಗುಪ್ಪೆಯ ಜಾತಿಯ ಬೆಟ್ಟಗಳಿಗೆ ಬರೋಣ. ಅವುಗಳಿಗೆ ಅರಸನೆಂದರೆ ಪ್ವೀ ದ ದೋಮ್. ೧೪೬೫ ಮೀಟರು, ಎಂದರೆ ಹೆಚ್ಚು ಕಡಿಮೆ ನಮ್ಮ ನಂದಿದುರ್ಗದಷ್ಟು ಎತ್ತರ. ಸುಮಾರು ಹನ್ನೊಂದು ಸಾವಿರ ವರ್ಷಗಳ ಹಿಂದೆ ಮಂದವಾದ ರಸ ಮೇಲೆದ್ದು ನಿಂತದ್ದು. ಇದನ್ನು ಹತ್ತುವ ಹಳೆಯ ದಾರಿಗೆ ಹೇಸರಗತ್ತೆಯವರ ದಾರಿ ಎಂದು ಹೆಸರು. ದಕ್ಷಿಣದ ಕಣಿವೆಯ ಬಾಯಿಯಿಂದ ಸುಮಾರು ನಾಲ್ಕು ನೂರು ಮೀಟರು ಏರು; ಹಾವಿನಂತೆ ತಿರುಗಿತಿರುಗಿ ಏರಿದರೆ ಒಂದು ಗಂಟೆಯೊಳಗೆ ತುದಿ. ರೋಮನರ ಕಾಲದಲ್ಲಿಯೇ ಯಾತ್ರಿಕರು ಹತ್ತುತ್ತಿದ್ದ ದಾರಿಯಿದು. ಏಕೆಂದರೆ ತುದಿಯಲ್ಲಿ ಮರ್ಕ್ಯುರಿ ದೇವರ ಭಾರಿ ದೇವಾಲಯವಿತ್ತು. ಅದು ನೆಲದಲ್ಲಿ ಹೂತುಹೋಗಿ, ೧೮೭೦ರ ದಶಕದಲ್ಲಿ ಅಲ್ಲಿ ಹವಾವೀಕ್ಷಣಾಲಯ ಕಟ್ಟಲು ಅಗೆದಾಗ ಬೆಳಕಿಗೆ ಬಂದಿತು. ಮರ್ಕ್ಯುರಿ ದಾರಿಗರ ದೇವರು.

ಆ ಜನರ ಭಾಷೆಯಲ್ಲಿ ಪಾದರಸಕ್ಕೂ ಅದೇ ಹೆಸರು. ಪಾದರಸವೂ ಒಮ್ಮೆ ಇದೇ ಬೆಟ್ಟವನ್ನು ಹತ್ತಿತು. ಕ್ಲೇರ್ಮೋಂ ನಗರದಲ್ಲಿ ೧೬೨೩ರಲ್ಲಿ ಹುಟ್ಟಿದ ಪಾಸ್ಕಲ್ ಎಂಬ ಪ್ರತಿಭಾಶಾಲಿಗೆ, ಗಾಳಿಗೆ ಭಾರವಿದ್ದರೆ ಎತ್ತರಕ್ಕೆ ಹೋದಂತೆ ಆ ಭಾರ ಕಡಿಮೆಯಾಗಬೇಕೆಂದು ತೋರಿತು. ಆತನು ಪ್ಯಾರಿಸ್ಸಿನಲ್ಲಿದ್ದುದರಿಂದ ಪರೀಕ್ಷೆಯ ಕೆಲಸವನ್ನು ಅಕ್ಕನ ಗಂಡ ಪೇರಿಯೇಗೆ ಒಪ್ಪಿಸಿದನು. ೧೬೪೮ರ ಸೆಪ್ಟೆಂಬರ್ ೧೯ರಂದು ಪೇರಿಯೇ ಊರಿನ ಒಂದು ಮಠದ ತೋಟದಲ್ಲಿ ಪಾದರಸದ ಕೊಳವೆಯೊಂದನ್ನು ಕಾವಲಿಟ್ಟು, ಇನ್ನೊಂದನ್ನು ಹೊತ್ತುಕೊಂಡು ತುದಿಗೆ ಹೋದನು. ಮೇಲೆ ಪಾದರಸದ ಮಟ್ಟ ಮೂರು ಅಂಗುಲಕ್ಕೂ ಮಿಗಿಲಾಗಿ ಇಳಿದಿತ್ತು. ಕೆಳಗಿನ ಕೊಳವೆಯಲ್ಲಿ ದಿನವಿಡೀ ಒಂದೇ ಮಟ್ಟ. ಇಂದು ನಾವು ಹವೆಯ ವರ್ತಮಾನವನ್ನು ಕೇಳುವಾಗಲೆಲ್ಲ ಬರುವ ವಾಯುಭಾರದ ಮಾತು ಆ ಒಂದು ದಿನದ ನಡಿಗೆಗೆ ಋಣಿ.

ಗುಪ್ಪೆಯ ಬೆಟ್ಟದ ಮೈ ಕಿಟ್ಟದ ರಾಶಿಯಂತೆ ಜಾರುವುದಿಲ್ಲ. ಆದುದರಿಂದ ಅದರ ಮೇಲೆ ರಸ್ತೆ ಮಾಡಬಹುದು. ೧೯೦೭ರಲ್ಲಿ ಉಗಿಯ ಟ್ರಾಂ ಗಾಡಿಗಾಗಿ ಬೆಟ್ಟವನ್ನು ತಿರುಪಿನಂತೆ ಸುತ್ತುವ ದಾರಿಯೊಂದನ್ನು ಕಡಿದರು. ೧೯೨೬ರಲ್ಲಿ ಟ್ರಾಂ ನಿಂತು ಅದು ಮೋಟಾರಿನ ರಸ್ತೆಯಾಯಿತು. ಸಾಮಾನ್ಯವಾದ ಘಾಟಿ ರಸ್ತೆಯಲ್ಲಿ ತಿರುವು ಬಂದಾಗ ಕೊಂಚ ಸಮತಲ ಸಿಕ್ಕುತ್ತದೆ. ಸವಾರನು ಉಸಿರು ತೆಗೆದುಕೊಳ್ಳುತ್ತಾನೆ. ಇಲ್ಲಿ ತಿರುವೇ ಇಲ್ಲ. ಕೊನೆಯ ನಾಲ್ಕು ಕಿಲೋಮೀಟರು ನೂರಕ್ಕೆ ಹನ್ನೆರಡರಂತೆ ಒಂದೇ ಸಮನೆ ಏರು. ಯಾವಾಗಲೂ ಒಂದು ಕಡೆ ಬೆಟ್ಟದ ಗೋಡೆ, ಇನ್ನೊಂದು ಕಡೆ ಬಯಲು. ಬೈಸಿಕಲ್ ಸವಾರರು ಈ ಬೆಟ್ಟಕ್ಕೆ ಹೆದರುವುದು ಎತ್ತರಕ್ಕಲ್ಲ, ಈ ಬಿಡುವಿಲ್ಲದ ಏರಿಗೆ.

ಫ್ರಾನ್ಸನ್ನು ಸುತ್ತುವ ಪ್ರಖ್ಯಾತ ಬೈಸಿಕಲ್ ಪಂದ್ಯ, ಟೂರ್ ದ ಫ್ರಾನ್ಸ್, ಮೊದಲು ಇಲ್ಲಿ ತುದಿ ಮುಟ್ಟಿದ್ದು ೧೯೫೨ರಲ್ಲಿ. ಆ ದಿನ ಗೆದ್ದವನು ಇಟಲಿಯ ಕೊಪ್ಪಿ. ಆದರೆ ಜನ ಮರೆಯದಿರುವುದು ೧೯೬೪ರ ಜುಲೈ ೧೨ನ್ನು. ಆಂಕ್ತೀಲ್ ಮುಂದಾಳಿನ ಹಳದಿ ಅಂಗಿ ತೊಟ್ಟಿದ್ದನು. ಪುಲಿದೋರ್ ಅವನಿಗಿಂತ ೫೬ ಸೆಕೆಂಡು ಹಿಂದೆ ಇದ್ದನು. ಏರಿನಲ್ಲಿ ಇಬ್ಬರೂ ಭುಜಕ್ಕೆ ಭುಜ ತಾಗುವಂತೆ ಪಕ್ಕಪಕ್ಕದಲ್ಲಿ ತುಳಿದರು. ದಣಿದಿದ್ದ ಆಂಕ್ತೀಲ್ ಹಿಂದೆ ಸರಿದು ಮರೆಯಾಗುವ ಬದಲು ಪಕ್ಕದಲ್ಲಿಯೇ ಉಳಿದು ತನ್ನ ದಣಿವನ್ನು ಬಚ್ಚಿಟ್ಟನು. ಪುಲಿದೋರನು ಅದನ್ನು ನಂಬಿ ಬಹಳ ಹೊತ್ತು ಮುನ್ನುಗ್ಗಲಿಲ್ಲ. ಕಡೆಗೆ ತುದಿಯ ಬಳಿಯಲ್ಲಿ ಬಿಟ್ಟು ಓಡಿದಾಗ ತಡವಾಗಿತ್ತು. ಆ ದಿನದ ಗೆಲವು ಸ್ಪೇನಿನ ಹಿಮೆನೆಸ್‌ನದಾಯಿತು. ಹಳದಿ ಅಂಗಿ ೧೪ ಸೆಕೆಂಡುಗಳ ಅಂತರದಿಂದ ಆಂಕ್ತೀಲನ ಮೈಮೇಲೆಯೇ ಉಳಿಯಿತು. ೧೯೭೫ರಲ್ಲಿ ಇದೇ ಏರಿನಲ್ಲಿ ಪ್ರೇಕ್ಷಕನೊಬ್ಬನು ಮಹಾಸವಾರ ಮೆರ್ಕ್ಸ್‌ನ ಪಕ್ಕೆಗೆ ಗುದ್ದಿದನು. ಅಭಿಮಾನ ಎಷ್ಟು ಕುರುಡಾಗಬಲ್ಲುದೆಂಬುದಕ್ಕೆ ಬೇರೆ ನಿದರ್ಶನ ಬೇಡ.

೧೯೮೮ರ ಮೇಲೆ ಪಂದ್ಯ ಇಲ್ಲಿಗೆ ಬರುವುದು ನಿಂತಿತು. ೨೦೧೨ರಲ್ಲಿ ರಸ್ತೆಯ ಜಾಗದಲ್ಲಿಯೇ ಊಟಿಯ ರೈಲಿನಂತೆ ಹಲ್ಲಿನ ಹಳಿಯ ರೈಲನ್ನು ಹಾಕಿದರು. ಮೋಟಾರುಗಳ ಸದ್ದು, ಹೊಗೆ ತುದಿಯಿಂದ ಇಳಿದವು. ಆದರೆ ಉಳಿದ ಕಿರಿದಾದ ರಸ್ತೆ ಸಾಮಾನ್ಯ ದಿನಗಳಲ್ಲಿ ಸವಾರರಿಗೆ ಮುಚ್ಚಿಹೋಯಿತು. ಮೂವತ್ತೈದು ವರ್ಷಗಳ ಮೇಲೆ, ೨೦೨೩ರ ಜುಲೈ ೯ರಂದು, ಪಂದ್ಯ ಮತ್ತೆ ಬಂದಾಗ ಕೊನೆಯ ಕಿಲೋಮೀಟರುಗಳಲ್ಲಿ ಪ್ರೇಕ್ಷಕರನ್ನು ಬಿಡಲಿಲ್ಲ. ಜಾಗ ಇಕ್ಕಟ್ಟು, ಬೆಟ್ಟ ಸೂಕ್ಷ್ಮ. ಕೆನಡಾದ ವುಡ್ಸ್ ಎಂಬ ಸವಾರ ಜಯಘೋಷವಿಲ್ಲದ ಮೌನದಲ್ಲಿ ಗೆದ್ದನು. ಸವಾರರ ಕೊರಗು ನಮಗೆ ಅರ್ಥವಾಗುತ್ತದೆ. ಕೊಪ್ಪಿ ತುಳಿದ ದಾರಿಯನ್ನು ಒಮ್ಮೆ ತಾನೂ ತುಳಿಯಬೇಕೆಂಬುದು ಸಣ್ಣ ಆಸೆಯಲ್ಲ. ರೈಲಿಗೆ ಹಣ ಕೊಟ್ಟವನು ತುದಿಯಲ್ಲಿ ಕಾಫಿ ಕುಡಿಯುತ್ತಿರುವಾಗ, ತನ್ನ ಕಾಲಿನ ಬಲದಿಂದ ಬರುವವನು ಕೆಳಗೆ ನಿಲ್ಲುವುದು ನ್ಯಾಯವೇ? ಬೆಳಗಿನ ಮೊದಲ ರೈಲಿಗೆ ಮುಂಚೆ ಒಂದೆರಡು ಗಂಟೆ ಬಿಟ್ಟರೆ ಯಾರಿಗೆ ನಷ್ಟ ಎಂದು ನಮಗೂ ಅನ್ನಿಸುವುದುಂಟು.

ಸವಾರನಿಗೆ ಬೇರೆ ದಾರಿಗಳಿಲ್ಲವೆಂದಲ್ಲ. ಬೆಟ್ಟಗಳ ನಡುವಣ ಪ್ರಸ್ಥಭೂಮಿಯ ರಸ್ತೆಗಳು ಮೆಲ್ಲಗೆ ಏರಿಳಿಯುತ್ತವೆ. ಕಾಡಿನ ಮಣ್ಣುದಾರಿಗಳೂ ದಪ್ಪ ಗಾಲಿಯ ಬೈಸಿಕಲ್ಲಿಗೆ ಹಿತ. ಫ್ರಾನ್ಸಿನ ನಡುನಾಡನ್ನು ಉತ್ತರದಿಂದ ಮೆಡಿಟರೇನಿಯನ್ ಸಮುದ್ರದವರೆಗೆ ಸೀಳುವ ಸಾವಿರ ಕಿಲೋಮೀಟರಿಗೂ ಮಿಕ್ಕ ಬೈಸಿಕಲ್ ಮಾರ್ಗವೊಂದು ಈ ಸಾಲಿನ ಮೂಲಕವೇ ಹಾದುಹೋಗುತ್ತದೆ. ಆದರೆ ಕಿಟ್ಟದ ಬೆಟ್ಟದ ಇಳಿಜಾರು ಮಾತ್ರ ಚಕ್ರಕ್ಕೆ ಹೇಳಿಸಿದ್ದಲ್ಲ. ಕಾಲು ಬಿಡಿಬಿಡಿಯಾಗಿ ಗುರುತು ಮಾಡುತ್ತದೆ; ಚಕ್ರ ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆ ಎಳೆಯುತ್ತದೆ. ಮುಂದಿನ ಮಳೆಗೆ ಅಷ್ಟು ಸಾಕು.

ಓಟಗಾರನ ಸಂಗತಿ ಇವರಿಬ್ಬರಿಗಿಂತ ಬೇರೆ. ಕಿಟ್ಟದ ಏರಿನಲ್ಲಿ ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಅಲ್ಲಿ ಬಲಶಾಲಿಯೂ ನಡೆಯುವುದೇ ಲೇಸು. ಸುತ್ತಲಿನ ಹಳೆಯ ಲಾವಾಪ್ರವಾಹಗಳಿಗೆ ಆ ಸೀಮೆಯಲ್ಲಿ ‘ಶೇರ್’ ಎಂದು ಹೆಸರು. ಕಾಡು ಮುಚ್ಚಿದ, ಉಳಲಾಗದ ಒರಟು ಕಲ್ಲಿನ ಬಯಲು. ಅಲ್ಲಿ ಪಾಚಿ ಹಿಡಿದ ಕಲ್ಲುಗಳ ನಡುವೆ ಓಡುವವನು ಕಣ್ಣನ್ನು ನೆಲದಿಂದ ಎತ್ತುವಂತಿಲ್ಲ. ವೋಲ್ವಿಕ್ಕಿನಿಂದ ಹೊರಟು ಹಲವು ಬೆಟ್ಟಗಳನ್ನು ಸುತ್ತಿ ಬರುವ, ನೂರು ಕಿಲೋಮೀಟರಿಗೂ ಉದ್ದವಾದ ಓಟಗಳನ್ನು ಕೂಡ ಏರ್ಪಡಿಸಿದ್ದುಂಟು. ಅಷ್ಟು ದೂರ ಓಡಿದವನು ಬೆಟ್ಟಗಳನ್ನು ನೋಡಿದನೇ ಎಂದು ಕೇಳುವವರಿಗೆ ನಮ್ಮ ಉತ್ತರ: ಕಣ್ಣಿನಿಂದ ನೋಡಿದ್ದು ಕಡಿಮೆಯಿರಬಹುದು, ಅಂಗಾಲಿನಿಂದ ತಿಳಿದದ್ದು ಹೆಚ್ಚು.

ಒಂದೇ ಒಂದು ದಿನ ಬಿಡುವಿರುವ ಪ್ರವಾಸಿ ಯಾವ ಹಾದಿ ಹಿಡಿಯಬೇಕು? ಹೆಚ್ಚಿನವರು ಪ್ವೀ ದ ದೋಮ್ ಎನ್ನುತ್ತಾರೆ. ನಾವಾದರೆ ಸಾಲಿನ ದಕ್ಷಿಣಕ್ಕೆ ಹೋಗುವೆವು. ಅಲ್ಲಿ ಲಾಸೋಲಾ ಮತ್ತು ಲಾ ವಾಶ್ ಎಂಬ ಎರಡು ಕಿಟ್ಟದ ಬೆಟ್ಟಗಳು ಅವಳಿಗಳಂತೆ ನಿಂತಿವೆ. ಎರಡನೆಯ ಹೆಸರಿಗೆ ‘ಹಸು’ ಎಂದರ್ಥ. ಕೇಳಿದವರಿಗೆ ನಗು ಬರುವುದು ಸಹಜ. ಸುಮಾರು ಎಂಟೂವರೆ ಸಾವಿರ ವರ್ಷಗಳ ಹಿಂದೆ ಇವುಗಳ ಕುಂಡಗಳಲ್ಲಿ ತುಂಬಿದ ಲಾವಾ ಒಂದು ಮಗ್ಗುಲಿನ ಗೋಡೆಯನ್ನು ಕೆಡವಿಕೊಂಡು ಹೊರಕ್ಕೆ ನುಗ್ಗಿತು. ಹೀಗಾಗಿ ಬಟ್ಟಲು ಒಡೆದು ಲಾಳದ ಆಕಾರವಾಗಿದೆ. ಒಡೆದ ಕಡೆ ನಿಂತರೆ ಬೆಟ್ಟದ ಒಳಮೈ ಹಾಗೆಯೇ ಕಾಣುತ್ತದೆ: ಕಪ್ಪು, ಕೆಂಪು, ಅಲ್ಲಲ್ಲಿ ಹಳದಿ, ಹುಲ್ಲು ಇನ್ನೂ ಪೂರ್ತಿ ಹತ್ತಿಲ್ಲ.

ಅಲ್ಲಿಂದ ಲಾವಾ ಹೋದ ದಾರಿಯನ್ನೇ ಹಿಡಿದು ಕೆಳಗಿಳಿಯಬಹುದು. ಶೇರಿನ ಕಾಡು, ಎದ್ದುಬಿದ್ದ ಕರಿಯ ಬಂಡೆ, ಎಲ್ಲಿಯೂ ಒಂದು ಹನಿ ನೀರಿಲ್ಲ. ಹೊತ್ತು ತಂದ ಸೀಸೆ ಬರಿದಾಗುವ ವೇಳೆಗೆ ಮರಗಳ ಸಂದಿನಲ್ಲಿ ಬೆಳ್ಳಗೆ ಏನೋ ಹೊಳೆಯುತ್ತದೆ. ಅದು ಎಯ್ದಾ ಸರೋವರ. ಹರಿದು ಬಂದ ಲಾವಾ ಅಲ್ಲಿದ್ದ ಕಣಿವೆಗೆ ಅಡ್ಡಬಿದ್ದು ಕಟ್ಟೆಯಾಯಿತು. ಹೊಳೆಯ ನೀರು ಅದರ ಹಿಂದೆ ನಿಂತಿತು. ಬೇಸಗೆಯ ಸಂಜೆ ಮಕ್ಕಳು ಅಲ್ಲಿ ಈಜುತ್ತಿರುತ್ತಾರೆ. ಕಿಟ್ಟದ ಧೂಳು ಮೆತ್ತಿದ ಪಾದರಕ್ಷೆಗಳನ್ನು ದಡದಲ್ಲಿ ಕಳಚಿಟ್ಟು ಕಾಲನ್ನು ನೀರಿಗೆ ಇಳಿಬಿಡಬಹುದು.